ಸುಟ್ಟ ಹುಲ್ಲುಗಾವಲಿನ ಬೂದಿ ಎಲ್ಲಿಗೆ ಹೋಗುತ್ತದೆ? ಬೆಂಕಿ ಆರಿದ ದಿನದಿಂದ ಮುಂಗಾರಿನವರೆಗೆ ಅಳೆಯುವ ಬಗೆ

ಶಿವರಾತ್ರಿಯ ಆಚೀಚೆ ಬಾಬಾಬುಡನ್‌ಗಿರಿ ಸಾಲಿನ ಹುಲ್ಲು ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿರುತ್ತದೆ. ಬಯಲುಸೀಮೆಯ ಕಡೆ, ಅಜ್ಜಂಪುರ, ಬೀರೂರು, ಅರಸೀಕೆರೆ ಸುತ್ತಿನ ಕಾವಲುಗಳಲ್ಲಿ, ಅಂದರೆ ದನ ಮೇಯುವ ಹುಲ್ಲುಬಯಲುಗಳಲ್ಲಿ, ಅದಕ್ಕೂ ಮುಂಚೆಯೇ. ಕಿಡಿ ಬಿದ್ದರೆ ಒಂದು ಮಧ್ಯಾಹ್ನದೊಳಗೆ ಗುಡ್ಡ ಕಪ್ಪಾಗುತ್ತದೆ. ಆ ಕಪ್ಪು ಮಳೆ ಬರುವವರೆಗೂ ಹೊದಿಕೆಯಂತೆ ನೆಲದ ಮೇಲಿರುತ್ತದೆ, ಆಮೇಲೆ ಮಣ್ಣಿಗಿಳಿದು ಗೊಬ್ಬರವಾಗುತ್ತದೆ ಎಂದು ನಂಬಿದವರು ಬಹಳ. ಹುಲ್ಲಿನ ಬೂದಿ ಅಷ್ಟು ದಿನ ಕಾಯುವುದಿಲ್ಲ. ಗುಡ್ಡದ ನೆತ್ತಿಯಲ್ಲಿ ಮಳೆಗಿಂತ ಮೊದಲೇ ಗಾಳಿ ಅದನ್ನು ಎತ್ತಿಕೊಂಡು ಹೋಗಿರುತ್ತದೆ. ಕಾಫಿ ಹೂವರಳಿಸುವ ಬೇಸಿಗೆಯ ಮಳೆ, ಅಂದರೆ ಹೂಮಳೆಯ ದಪ್ಪ ಹನಿ ಬೀಳುವುದು ಬರಿಮಣ್ಣಿನ ಮೇಲೆ. ಆದ್ದರಿಂದ ಅಳೆಯುವವರಿಗೆ ಮೊದಲ ವಾರವೇ ಮುಖ್ಯ. ಅದು ತಪ್ಪಿದರೆ ಆಮೇಲಿನ ಅಂಕಿಗಳನ್ನು ಹೋಲಿಸಲು ಏನೂ ಉಳಿದಿರುವುದಿಲ್ಲ.

ಮೊದಲೇ ಹೇಳಬೇಕಾದ ಎರಡು ಮಾತು. ಈ ಕೆಲಸಕ್ಕೆಂದು ನೀವೇ ಬೆಂಕಿ ಹಾಕಬೇಡಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಕುದುರೆಮುಖ ರಾಷ್ಟ್ರೀಯ ಉದ್ಯಾನವಾಗಲಿ, ಭದ್ರಾ ಅಭಯಾರಣ್ಯವಾಗಲಿ, ಬೇರೆ ಯಾವುದೇ ಮೀಸಲು ಗುಡ್ಡವಾಗಲಿ, ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಅಳತೆಯ ಗುರುತಿನ ಕಂಬಿ ಹೊಡೆಯಬಾರದು. ಎರಡನೆಯದು, ಬೆಂಕಿ ಆರಿದ ಮೇಲೆ ಒಂದು ರಾತ್ರಿ ಕಳೆಯಲಿ. ಹುಲ್ಲು ನಿಮಿಷದಲ್ಲಿ ಉರಿದು ಮುಗಿದರೂ ಒಣಗಿದ ಸಗಣಿ, ಈಚಲು ಪೊದೆಯ ಬುಡ, ಹಳೇ ಮರದ ಬೊಡ್ಡೆ ಒಳಗೊಳಗೇ ಮರುದಿನದವರೆಗೂ ಹೊಗೆಯಾಡುತ್ತಿರುತ್ತವೆ. ಚಪ್ಪಲಿ ಬೇಡ, ಬೂಟು ಬೇಕು. ಬೂದಿ ಕ್ಷಾರ, ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಮುಖಕ್ಕೆ ಮಾಸ್ಕ್, ಕಣ್ಣಿಗೆ ಬೈಕ್ ಓಡಿಸುವಾಗ ಹಾಕುವ ಸಾದಾ ಕನ್ನಡಕ ಇದ್ದರೆ ಸಾಕು.

ದಪ್ಪವಲ್ಲ, ಹರವು

ಬೂದಿಯ ದಪ್ಪವನ್ನು ಸ್ಕೇಲಿನಲ್ಲಿ ಅಳೆದು ಬರೆಯುವುದು ಮರದ ಕಾಡಿಗೆ ಸರಿ. ನಮ್ಮ ಹುಲ್ಲುಗಾವಲಿಗೆ ಅದೊಂದೇ ಸಾಲದು. ಲೆಕ್ಕ ಹಾಕಿ ನೋಡಿ. ಎಕರೆಗಟ್ಟಲೆ ಒಂದೇ ಸಮ ಬೆಳೆದ ಹುಲ್ಲು ಒಣಗಿದಾಗ ಚದರ ಮೀಟರಿಗೆ 300 ಗ್ರಾಂ ಇತ್ತು ಎಂದುಕೊಳ್ಳಿ. ಹುಲ್ಲಿನ ಒಣತೂಕದಲ್ಲಿ ಖನಿಜದ ಪಾಲು ನೂರಕ್ಕೆ ಸುಮಾರು 7. ಪೂರ್ತಿ ಸುಟ್ಟರೆ ಉಳಿಯುವುದು 21 ಗ್ರಾಂ. ಒಂದು ಘನ ಸೆಂಟಿಮೀಟರ್ ಸಡಿಲ ಬೂದಿ 0.2 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೂ ಅದನ್ನು ಚದರ ಮೀಟರಿನಲ್ಲಿ ಸಮನಾಗಿ ಹರಡಿದಾಗ ಬರುವ ದಪ್ಪ 0.1 ಮಿಲಿಮೀಟರ್. ಅರೆಬೆಂದ ಕರಕಲು ಸೇರಿ ಇದರ ಮೂರು ಪಟ್ಟಾದರೂ ಸ್ಕೇಲಿನ ಮೊದಲ ಗೆರೆ ಮುಟ್ಟುವುದಿಲ್ಲ. ಹುಲ್ಲಿನ ಬುಡದಲ್ಲಿ, ಕಲ್ಲಿನ ಮರೆಯಲ್ಲಿ, ಈಚಲು ಪೊದೆಯಡಿ ಮಾತ್ರ ಕೆಲವು ಮಿಲಿಮೀಟರ್ ದಪ್ಪ ಸಿಗುತ್ತದೆ. ಹಾಗಾಗಿ ಮೊದಲು ಅಳೆಯಬೇಕಾದ್ದು ಹರವು, ಅಂದರೆ ನೆಲದ ನೂರು ಪಾಲಿನಲ್ಲಿ ಎಷ್ಟು ಪಾಲು ಬೂದಿ ಮುಚ್ಚಿದೆ ಎಂಬುದು. ತೂಕ ಎರಡನೆಯದು, ದಪ್ಪ ಮೂರನೆಯದು.

ಚೌಕಟ್ಟು

20 ಮಿಲಿಮೀಟರಿನ ಪಿವಿಸಿ ವೈರಿಂಗ್ ಪೈಪು ಎರಡು ಉದ್ದ, ನಾಲ್ಕು ಎಲ್ಬೋ, 25 ಮೀಟರ್ ಬಿಳಿ ನೈಲಾನ್ ದಾರ. ಒಳ ಅಳತೆ ಸರಿಯಾಗಿ 1 ಮೀಟರ್ × 1 ಮೀಟರ್ ಬರುವಂತೆ ಜೋಡಿಸಿ. ಮೂಲೆಯಿಂದ 5 ಸೆಂಟಿಮೀಟರಿಗೆ ಮೊದಲ ದಾರ, ಆಮೇಲೆ ಪ್ರತಿ 10 ಸೆಂಟಿಮೀಟರಿಗೆ ಒಂದು: 5, 15, 25, ಹೀಗೆ 95ರವರೆಗೆ. ಅಡ್ಡ ಹತ್ತು, ಉದ್ದ ಹತ್ತು, ದಾರಗಳು ಕೂಡುವ ಜಾಗ ನೂರು. ಒಂದು ಬಿಂದು ಎಂದರೆ ಶೇಕಡಾ ಒಂದು. ಭಾಗಾಕಾರದ ಗೊಡವೆಯೇ ಇಲ್ಲ. ಮೊದಲ ದಾರವನ್ನು 10ರಿಂದ ಶುರುಮಾಡುವುದು ಎಲ್ಲರೂ ಮಾಡುವ ತಪ್ಪು. ಆಗ ಒಂಬತ್ತೇ ದಾರ, 81 ಬಿಂದು. ಗುಡ್ಡ ಹತ್ತಿದ ಮೇಲೆ ಇದು ಗೊತ್ತಾದರೆ ಆ ದಿನದ ಎಣಿಕೆಯೆಲ್ಲ 81ರ ಲೆಕ್ಕದಲ್ಲೇ ನಡೆಯಬೇಕು.

ಪೈಪು ಹಗುರ, ಮುಳ್ಳಯ್ಯನಗಿರಿಯಂಥ ಕಡೆ ಗಾಳಿಗೆ ಎದ್ದು ಕೂರುತ್ತದೆ. ಎಲ್ಬೋ ಹಾಕುವ ಮುಂಚೆ ಪೈಪಿನೊಳಗೆ ಒಣ ಮರಳು ತುಂಬಿ.

ಚೌಕಟ್ಟನ್ನು ನೆಲಕ್ಕೆ ಇಡುವಂತಿಲ್ಲ, ಇಟ್ಟ ಕಡೆಯ ಬೂದಿ ನಜ್ಜಾಗುತ್ತದೆ. ಪ್ರತಿ ಚೌಕಕ್ಕೂ ನಾಲ್ಕು ಮೂಲೆಗೆ 6 ಮಿಲಿಮೀಟರಿನ ಕಂಬಿ ಹೊಡೆದು ಅದರ ಮೇಲೆ ಚೌಕಟ್ಟು ಕೂರಿಸಿ. ಮನೆ ಕಟ್ಟುವಾಗ ರಿಂಗು ಮಾಡಲು ತರುವ ಕಂಬಿಯೇ ಇದು. 40 ಸೆಂಟಿಮೀಟರಿನ ತುಂಡು ಮಾಡಿಸಿ. 20 ನೆಲದೊಳಗೆ, 15 ಮೇಲೆ, ಉಳಿದ 5 ಸೆಂಟಿಮೀಟರನ್ನು ಕೊಕ್ಕೆಯಂತೆ ಬಗ್ಗಿಸಿ. ಬಗ್ಗಿಸದ ಕಂಬಿ ದನದ ಗೊರಸಿಗೆ ಚುಚ್ಚುತ್ತದೆ, ಕಾವಲಿನಲ್ಲಂತೂ ಈ ಎಚ್ಚರ ತಪ್ಪಲೇಬಾರದು. ಕೊಕ್ಕೆಗೆ ಕೆಂಪು ಪೇಂಟು ಬಳಿಯಿರಿ. ಚೌಕಟ್ಟು ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಕೂರುವುದು ಈ ಕಂಬಿಗಳಿಂದಲೇ. ಅರ್ಧ ಅಡಿ ಜರುಗಿದರೂ ನೀವು ಅಳೆದದ್ದು ಬೇರೆ ನೆಲ. ಕಂಬಿ ಇಳಿಯದ ಮುರಕಲ್ಲಿನ ಜಾಗ ಬಂದರೆ ಕಲ್ಲಿಗೇ ಪೇಂಟಿನ ಗುರುತು ಹಾಕಿ ಚೌಕಟ್ಟನ್ನು ಸಣ್ಣ ಕಲ್ಲುಗಳ ಮೇಲೆ ಇಡಬಹುದು.

ಎಲ್ಲಿ, ಎಷ್ಟು

ಇಳಿಜಾರಿನ ನೆತ್ತಿ, ನಡು, ಬುಡ ಈ ಮೂರು ಕಡೆ ಮೂರು ಮೂರು ಚೌಕ, ಒಟ್ಟು ಒಂಬತ್ತು. ಬೆಂಕಿ ರೇಖೆಯ ಆಚೆ ಸುಡದೆ ಉಳಿದ ಹುಲ್ಲಿನಲ್ಲಿ ಮೂರು. ಈ ಹನ್ನೆರಡಕ್ಕೆ 48 ಕಂಬಿ ಬೇಕು. ಅಂಗಡಿಯ 12 ಮೀಟರಿನ ಎರಡು ಕಂಬಿ ಕತ್ತರಿಸಿದರೆ ಮಿಗುತ್ತದೆ. ಸುಡದ ಜಾಗದ ಚೌಕ ಏಕೆ ಎಂದು ಕೇಳುವವರಿದ್ದಾರೆ. ಒಣಗಿದ ಮಣ್ಣು ಬೆಂಕಿ ತಾಗದಿದ್ದರೂ ನೀರನ್ನು ತಳ್ಳುವುದುಂಟು, ಬರಿನೆಲ ಅಲ್ಲಿಯೂ ಇರುತ್ತದೆ. ಅದನ್ನು ನೋಡದೆ ಎಲ್ಲವನ್ನೂ ಬೆಂಕಿಯ ತಲೆಗೆ ಕಟ್ಟುವುದು ಸರಿಯಲ್ಲ.

ಚೌಕದ ಜಾಗವನ್ನು ಕಣ್ಣಿಂದ ಆರಿಸಬೇಡಿ, ಕಣ್ಣು ಯಾವಾಗಲೂ ಹೆಚ್ಚು ಕಪ್ಪಾದ ಕಡೆಗೇ ಹೋಗುತ್ತದೆ. ಕಲ್ಲು ಎಸೆದು ಬಿದ್ದಲ್ಲಿ ಎನ್ನುವುದೂ ಆರಿಸಿದಂತೆಯೇ. ಮೊದಲ ಚೌಕದ ಮೂಲೆಯಿಂದ ಇಳಿಜಾರಿಗೆ ಅಡ್ಡಲಾಗಿ 20 ಹೆಜ್ಜೆ ಹಾಕಿ, ಬಲಗಾಲು ನಿಂತಲ್ಲಿ ಕಂಬಿ ಹೊಡೆಯಿರಿ. ಬಂಡೆ ಸಿಕ್ಕಿದರೆ ಇನ್ನೊಂದು ಹೆಜ್ಜೆ. ಅಳೆಯುವಾಗ ಚೌಕಕ್ಕೆ ಕೆಳಗಿನ ದಿಕ್ಕಿನಿಂದಲೇ ಬಂದು ಕೆಳಗಿನ ದಿಕ್ಕಿಗೇ ಹೋಗಿ. ಮೇಲಿಂದ ಬಂದರೆ ಬೂಟು ಸಡಿಲಿಸಿದ ಬೂದಿಯೂ ಮಣ್ಣೂ ಚೌಕದೊಳಕ್ಕೆ ಉರುಳುತ್ತವೆ.

ಬೆಂಕಿ ಯಾವ ದಿಕ್ಕಿಗೆ ಓಡಿತು ಎಂದೂ ಕೇಳಿ ಬರೆದುಕೊಳ್ಳಿ. ಗಾಳಿಯ ಜೊತೆ ಓಡಿದ ಬೆಂಕಿ ಅವಸರದ ಬೆಂಕಿ. ತೆನೆ, ಎಲೆ ಸುಟ್ಟು ದಂಟನ್ನು ಅರೆಬೇಯಿಸಿ ಕರಿ ಕರಕಲು ಬಿಟ್ಟು ಹೋಗುತ್ತದೆ. ಗಾಳಿಗೆದುರಾಗಿ ತೆವಳಿದ ಬೆಂಕಿ ನೆಲದ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತದೆ, ಬುಡದವರೆಗೂ ತಿನ್ನುತ್ತದೆ. ಅಲ್ಲಿ ಬೂದುಬಣ್ಣ ಹೆಚ್ಚು. ಒಂದೇ ಗುಡ್ಡದ ಎರಡು ಮಗ್ಗುಲು ಎರಡು ಬಗೆಯಾಗಿ ಕಾಣುವುದು ಹೀಗೆ.

ಎಣಿಸುವುದು

ಇಬ್ಬರಿರಬೇಕು. ಒಬ್ಬರು ಸೈಕಲ್ ಚಕ್ರದ ಕಡ್ಡಿಯನ್ನು ದಾರ ಕೂಡುವ ಜಾಗದಿಂದ ನೆಟ್ಟಗೆ ಇಳಿಸಿ, ತುದಿ ಏನನ್ನು ಮುಟ್ಟಿತೋ ಅದನ್ನು ಕೂಗುವುದು, ಇನ್ನೊಬ್ಬರು ಬರೆಯುವುದು. ಕಡ್ಡಿಯಿಲ್ಲದೆ ಮೇಲಿಂದ ಕಣ್ಣಳತೆಯಲ್ಲಿ ಹೇಳಿದರೆ ತಲೆ ಓರೆಯಾದಷ್ಟು ಬಿಂದು ಜರುಗುತ್ತದೆ. ಏಳು ಬಗೆ ಸಾಕು: 1 ಕಪ್ಪು ಕರಕಲು, 2 ಬೂದುಬಣ್ಣದ ಬೂದಿ, 3 ಬಿಳಿ ಬೂದಿ, 4 ಬರಿಮಣ್ಣು, 5 ಕಲ್ಲು, 6 ಸುಟ್ಟ ಹುಲ್ಲಿನ ಬುಡ, 7 ಹಸಿರು ಚಿಗುರು. ಅಂಕೆಯನ್ನೇ ಬರೆಯಿರಿ. ಬಿ, ಬೂ, ಬು ಎಂದು ಅಕ್ಷರ ಹಾಕಿದರೆ ಮಸಿ ಮೆತ್ತಿದ ಹಾಳೆಯಲ್ಲಿ ಸಂಜೆ ಯಾವುದು ಯಾವುದೆಂದು ದೇವರೇ ಹೇಳಬೇಕು. ಒಂದು ಚೌಕಕ್ಕೆ ಸುಮಾರು 15–20 ನಿಮಿಷ. ಹನ್ನೆರಡಕ್ಕೂ ನಾಲ್ಕು ತಾಸು.

ಬಣ್ಣ ಹೇಳುವುದು ಬೆಂಕಿಯ ಕತೆ. ಕಪ್ಪು ಎಂದರೆ ಅರೆಬೆಂದದ್ದು, ಒಳಗೆ ಇಂಗಾಲ ಇನ್ನೂ ಇದೆ. ಬಿಳಿ ಎಂದರೆ ಇಂಗಾಲವೆಲ್ಲ ಉರಿದು ಸುಣ್ಣ, ಸಿಲಿಕಾದಂಥ ಖನಿಜವಷ್ಟೇ ಉಳಿದದ್ದು. ಶಾಖ 450–500 ಡಿಗ್ರಿ ದಾಟಿರುತ್ತದೆ, ಅಥವಾ ಬಹಳ ಹೊತ್ತು ಕೆಂಡವಾಗಿ ಕೂತಿರುತ್ತದೆ. ಕಾವಲಿನಲ್ಲಿ ಬಿಳಿ ಬಿಲ್ಲೆಗಳು ಕಂಡರೆ ಬಹುಪಾಲು ಅವು ಸಗಣಿ ಬಿದ್ದ ಜಾಗ. ಹತ್ತಿರ ಕೂತು ನೋಡಿ: ಅಂಚು ಕಪ್ಪು, ಅದರೊಳಗೊಂದು ಬೂದು ಸುತ್ತು, ನಡುವೆ ವಿಭೂತಿಯಂಥ ಬಿಳಿ. ಬೆರಳಿನಿಂದ ಬಿಳಿಯನ್ನು ಸರಿಸಿದರೆ ಕೆಳಗಿನ ಮಣ್ಣು ಸುತ್ತಲಿನದಕ್ಕಿಂತ ಕೆಂಪು. ಸುತ್ತಲಿನ ಹುಲ್ಲಿನ ನೆಲ ಅಷ್ಟು ಕಾದಿರುವುದಿಲ್ಲ. ಮಣ್ಣು ಶಾಖವನ್ನು ಸಾಗಿಸುವುದರಲ್ಲಿ ಮಂದ, ಹುಲ್ಲಿನ ಬೆಂಕಿ ನಿಲ್ಲುವುದು ಕ್ಷಣ. ಎರಡು ಸೆಂಟಿಮೀಟರ್ ಕೆಳಗೆ ಬೇರಿಗೆ ಬಿಸಿ ತಾಗುವುದೇ ಅಪರೂಪ. ಇಂಥ ಬಿಲ್ಲೆಯೊಂದು ಚೌಕದೊಳಗೆ ಸಿಕ್ಕಿದರೆ ಎಣಿಸಿ, ಆದರೆ ಪಕ್ಕದಲ್ಲಿ ‘ಸಗಣಿ’ ಎಂದು ಬರೆಯಿರಿ.

ಕಪ್ಪು ಬೂದಿಯೋ ಕಪ್ಪಾದ ಮಣ್ಣೋ ಎಂಬ ಅನುಮಾನ ಬಂದೇ ಬರುತ್ತದೆ. ಚೌಕದ ಹೊರಗಿನ ಅಂಥದೇ ಜಾಗವನ್ನು ಒದ್ದೆ ಬೆರಳಿನಿಂದ ಒರೆಸಿ ನೋಡಿ. ಕಾಡಿಗೆಯಂತೆ ನುಣ್ಣಗೆ ಮೆತ್ತಿದರೆ ಬೂದಿ, ಹರಳು ಹರಳಾಗಿ ತಾಗಿದರೆ ಮಣ್ಣು.

ಫೋಟೋದಲ್ಲಿ ಕೆಡುವುದು

ಪ್ರತಿ ಚೌಕಕ್ಕೂ ನೇರ ಮೇಲಿಂದ, ಎದೆಯ ಮಟ್ಟದಿಂದ ಒಂದು ಫೋಟೋ. ಮೊಬೈಲು ಕಪ್ಪು ನೆಲ ಕಂಡರೆ ಬೆಳಕು ಕಡಿಮೆಯೆಂದು ತಿಳಿದು ತಾನೇ ಹೆಚ್ಚಿಸಿಕೊಳ್ಳುತ್ತದೆ, ಕಪ್ಪು ಕರಕಲು ಬೂದುಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಮನೆಯಲ್ಲಿ ಕೂತು ಫೋಟೋ ನೋಡಿ ಬಣ್ಣ ಹೇಳುವವರು ದಾರಿ ತಪ್ಪುವುದು ಇಲ್ಲಿಯೇ. ಅರ್ಧ ಬಿಳಿ ಅರ್ಧ ಕಪ್ಪು ಕಾಗದ ಅಂಟಿಸಿದ ರಟ್ಟೊಂದನ್ನು ಚೌಕಟ್ಟಿನ ಮೂಲೆಯಲ್ಲಿಟ್ಟು, ಅದರ ಮೇಲೆ ಬೆರಳೊತ್ತಿ ಬೆಳಕನ್ನು ಲಾಕ್ ಮಾಡಿ ತೆಗೆಯಿರಿ. ರಟ್ಟಿನ ಮೇಲೆ ಚೌಕದ ಸಂಖ್ಯೆ, ತಾರೀಖು. ನಡುಹಗಲಿನ ಬಿಸಿಲಿಗೆ ಬಿಳಿ ಬೂದಿ ಕಣ್ಣು ಕುಕ್ಕುತ್ತದೆ. ಕರಿ ಕೊಡೆ ಹಿಡಿದು ಇಡೀ ಚೌಕಕ್ಕೆ ನೆರಳು ಮಾಡಿ. ಅರ್ಧ ನೆರಳು ಅರ್ಧ ಬಿಸಿಲಿನ ಚಿತ್ರ ತೆಗೆದೂ ಪ್ರಯೋಜನವಿಲ್ಲ.

ತೂಕ, ದಪ್ಪ

ಚೌಕದೊಳಗೆ ಕೈ ಹಾಕಬೇಡಿ, ಎಂದಿಗೂ. ತೂಕಕ್ಕೆ ಮೂರು ಹೆಜ್ಜೆ ಪಕ್ಕದಲ್ಲಿ 20 × 20 ಸೆಂಟಿಮೀಟರಿನ ತಗಡಿನ ಚೌಕಟ್ಟಿಟ್ಟು ಒಂದಿಂಚಿನ ಪೇಂಟ್ ಬ್ರಷ್‌ನಿಂದ ಬೂದಿಯನ್ನು ಮೆಲ್ಲಗೆ ಕಾಗದಕ್ಕೆ ಗುಡಿಸಿ. ಬಂದ ತೂಕ × 25 ಎಂದರೆ ಚದರ ಮೀಟರಿನ ತೂಕ. ಮೇಲಿನ ಲೆಕ್ಕದಂತೆ ಪೂರ್ತಿ ಸುಟ್ಟ ಜಾಗದಲ್ಲಿ ಇದರಿಂದ ಸಿಗುವುದು ಒಂದು ಗ್ರಾಮಿಗೂ ಕಡಿಮೆ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು, 0.01 ಗ್ರಾಂ ತೋರಿಸುವ ಚಿನ್ನಬೆಳ್ಳಿ ತೂಗುವ ಸಣ್ಣ ತಕ್ಕಡಿಯೇ ಬೇಕು. ಒಂದು ಚಿಟಿಕೆ ಮಣ್ಣು ಬೆರೆತರೂ ತೂಕ ಎರಡು ಪಟ್ಟಾಗುತ್ತದೆ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ಬ್ರಷ್ಷನ್ನು ಒತ್ತಬೇಡಿ. ಕಪ್ಪು ಕರಕಲಾದರೆ ಲೋಟದ ನೀರಿಗೆ ಹಾಕಿ. ಕರಕಲು ತೇಲುತ್ತದೆ, ಮಣ್ಣು ತಳ ಸೇರುತ್ತದೆ, ತೇಲಿದ್ದನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿ ತೂಗಿ. ಬಿಳಿ ಬೂದಿಗೆ ಈ ಉಪಾಯ ನಡೆಯುವುದಿಲ್ಲ, ಅದರ ಒಂದು ಪಾಲು ನೀರಿನಲ್ಲಿ ಕರಗಿಯೇ ಹೋಗುತ್ತದೆ.

ದಪ್ಪವನ್ನು ಬೂದಿ ಕೂಡಿದ ಕಡೆ ಮಾತ್ರ ಅಳೆಯಿರಿ. ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆಯ ಮೊದಲು ಖಾಲಿ ಅಂಚಿರುತ್ತದೆ. ಅಂಚಿನಿಂದಲೇ ಸೊನ್ನೆ ಶುರುವಾಗುವ ಉಕ್ಕಿನ ಸ್ಕೇಲ್ ತನ್ನಿ. ಮೇಲಿಂದ ಚುಚ್ಚಿದರೆ ಮಣ್ಣಿಗೂ ಇಳಿಯುತ್ತದೆ. ಬ್ಲೇಡಿನಿಂದ ಒಂದು ಬದಿ ಸೀಳಿ, ಪಕ್ಕದಿಂದ ನೋಡಿ ಅಳೆಯಿರಿ.

ದಿನ ಕಳೆದಂತೆ

ಬೆಂಕಿಯ ಮರುದಿನ, 4, 7, 15, 30, 45ನೇ ದಿನ, ಆಮೇಲೆ ತಿಂಗಳಿಗೊಮ್ಮೆ. ಇದರ ಮಧ್ಯೆ 10 ಮಿಲಿಮೀಟರ್ ದಾಟಿದ ಮೊದಲ ಮಳೆ ಯಾವತ್ತು ಬಂದರೂ ಮರುದಿನ ಬೆಳಗ್ಗೆ ಹೋಗಲೇಬೇಕು. ಹತ್ತಿರದ ಕಾಫಿ ತೋಟದಲ್ಲಿ ಮಳೆ ಪುಸ್ತಕ ಇಟ್ಟೇ ಇರುತ್ತಾರೆ. ಅವರ ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟು ಒಂದು ಇಂಚು, 25.4 ಮಿಲಿಮೀಟರ್, 40 ಸೆಂಟು ಎಂದರೆ ಹತ್ತು ಮಿಲಿಮೀಟರಿಗೆ ಸ್ವಲ್ಪ ಮೇಲೆ.

ಮೊದಲ ಎರಡು ದಿನ ಬೂದಿ ಬಿದ್ದಲ್ಲೇ ಇರುತ್ತದೆ. ಹುಲ್ಲಿನ ದಂಟು ಮಲಗಿದ ಆಕಾರದಲ್ಲೇ ಕಪ್ಪು ಗೆರೆಗಳು ಕಾಣುತ್ತವೆ, ಊದಿದರೆ ಹಾರುತ್ತವೆ. ನಾಲ್ಕನೇ ದಿನದಿಂದ ಗಾಳಿಯ ಕೆಲಸ. ಒಂದು ಹುಲ್ಲಿನ ಬುಡವನ್ನು ಆರಿಸಿಕೊಂಡು ಮೊಣಕಾಲೂರಿ ನೋಡಿ: ಗಾಳಿ ಬರುವ ಕಡೆ ಮಣ್ಣು ಕೆಂಪಗೆ ಬರಿದಾಗಿರುತ್ತದೆ, ಮರೆಯ ಕಡೆ ಬೆರಳುದ್ದದ ಬೂದಿಯ ನಾಲಿಗೆ ಚಾಚಿಕೊಂಡಿರುತ್ತದೆ. ದನ ತಿರುಗಿದ ದಾರಿಯಲ್ಲಿ, ಗೊರಸಿನ ಗುಳಿಯಲ್ಲಿ, ಹಳೇ ಟ್ರೆಂಚಿನಲ್ಲಿ ಕಪ್ಪು ಕೂಡುತ್ತದೆ. ಕೆಲವು ಚೌಕದಲ್ಲಿ ಎರಡನೇ ಅಳತೆಗಿಂತ ಮೂರನೆಯದರಲ್ಲಿ ಬೂದಿ ಹೆಚ್ಚು ಬರಬಹುದು. ತಪ್ಪು ಎಣಿಸಿದೆವೆಂದು ಅದನ್ನು ತಿದ್ದುವವರುಂಟು. ತಿದ್ದಬೇಡಿ, ಮೇಲಿನ ಬೂದಿ ಬಂದು ಕೂತಿದೆ ಅಷ್ಟೆ.

ಗಿರಿಯ ಮೇಲೆ ರಾತ್ರಿಯ ಇಬ್ಬನಿ, ಮಂಜು ಇನ್ನೊಂದು ಕೆಲಸ ಮಾಡುತ್ತವೆ. ನುಣ್ಣನೆಯ ಬೂದಿ ತೇವಕ್ಕೆ ಅಂಟಿ, ಬಿಸಿಲಿಗೆ ಒಣಗಿ ತೆಳ್ಳನೆ ಹಕ್ಕಳೆಯಾಗುತ್ತದೆ. ಇದು ಗಾಳಿಗೆ ಸ್ವಲ್ಪ ದಿನ ತಡೆಯುತ್ತದೆ, ದನದ ಕಾಲಿಗೆ ತಡೆಯುವುದಿಲ್ಲ. ಬಯಲಿನ ಕಾವಲಿನಲ್ಲಿ ಈ ಹಕ್ಕಳೆ ಕಟ್ಟುವುದು ಕಡಿಮೆ.

ಮೊದಲ ಮಳೆ ಮೆತ್ತಗೆ ಬಂದರೆ ಬೂದಿಗೆ ಲಾಭ. ಸಡಿಲ ಬೂದಿ ನೀರು ಹೀರಿ ತಗ್ಗುತ್ತದೆ, ಹನಿಯ ಹೊಡೆತವನ್ನು ತಾನು ತಿನ್ನುತ್ತದೆ, ನುಣುಪು ಪುಡಿ ಮಣ್ಣಿನ ಬಿರುಕಿಗೆ ಇಳಿಯುತ್ತದೆ. ಅದೇ ಪುಡಿ ಹೆಚ್ಚಾದರೆ ಮಣ್ಣಿನ ಸಣ್ಣ ರಂಧ್ರ ಕಟ್ಟಿ ನೀರು ಇಂಗದಂತೆಯೂ ಮಾಡೀತು. ಯಾವುದಾಗುತ್ತದೆ ಎಂಬುದು ಬೂದಿಯ ನುಣುಪು ಮತ್ತು ಮಣ್ಣಿನ ಮೇಲೆ ನಿಂತಿದೆ. ಅಶ್ವಿನಿ, ಭರಣಿಯ ಗುಡುಗಿನ ಮಳೆ, ಆಲಿಕಲ್ಲು ಸೇರಿ ಬಂದರೆ ಮಾತೇ ಬೇರೆ. ಇಳಿಜಾರಿನ ಮೇಲೆ ಕಪ್ಪು ಗೆರೆಗಳು ಮೂಡುತ್ತವೆ, ಹುಲ್ಲಿನ ಬುಡಗಳ ಮೇಲ್ಬದಿಯಲ್ಲಿ ಕರಕಲು ಸಿಕ್ಕಿಕೊಂಡು ಗೇಣುದ್ದದ ಒಡ್ಡುಗಳಾಗುತ್ತವೆ. ಒಡ್ಡುಗಳ ಫೋಟೋ ಬೇರೆಯೇ ತೆಗೆದಿಡಿ. ಕೆಳಗಿನ ತೋಟದವರಿಗೆ ಹಳ್ಳದ ನೀರು ಕರ್ರಗೆ ಬರುವುದು ಇದೇ ದಿನ.

ಚಿಗುರು ಬಂದ ಮೇಲೆ ಹೊಸ ಸಮಸ್ಯೆ. ಮೇಲಿಂದ ನೋಡಿದರೆ ಹಸಿರು, ಬೂದಿ ಮಾಯ. ಕಡ್ಡಿ ಎಲೆಯನ್ನು ಮುಟ್ಟಿದರೆ 7 ಎಂದು ಬರೆದು, ಎಲೆ ಸರಿಸಿ ಕೆಳಗಿನದನ್ನೂ ಬರೆಯಿರಿ: 7/1, 7/4 ಹೀಗೆ. ಹೀಗೆ ಮಾಡದೆ ಬೂದಿ ಹೋಯಿತು ಎಂದು ತೀರ್ಮಾನಿಸಿದ ವರದಿಗಳಲ್ಲಿ ನಿಜಕ್ಕೂ ಹೋದದ್ದು ಎಷ್ಟು, ಮರೆಯಾದದ್ದು ಎಷ್ಟು ಎಂದು ಬಿಡಿಸುವುದಕ್ಕೆ ಆಗುವುದಿಲ್ಲ.

ನೀರು, ಕ್ಷಾರ

ಚೌಕದ ಹೊರಗೆ ಬೂದಿ ಗುಡಿಸಿದ ಜಾಗದಲ್ಲಿ ಡ್ರಾಪರಿನಿಂದ ಹತ್ತು ಹನಿ ಡಿಸ್ಟಿಲ್ಡ್ ನೀರು ಬಿಟ್ಟು ಪ್ರತಿ ಹನಿ ಇಂಗಲು ಹಿಡಿದ ಸೆಕೆಂಡು ಎಣಿಸಿ. 5ರೊಳಗೆ ಇಂಗಿದರೆ ಮಣ್ಣು ಸರಿಯಿದೆ. 5ರಿಂದ 60 ಸ್ವಲ್ಪ ತಳ್ಳುತ್ತದೆ, 60 ದಾಟಿದರೆ ಜೋರಾಗಿಯೇ ತಳ್ಳುತ್ತದೆ. ಮೇಲ್ಮೈಯಲ್ಲಿ, 1 ಸೆಂಟಿಮೀಟರ್ ಕೆರೆದು, 2 ಸೆಂಟಿಮೀಟರ್ ಕೆರೆದು, ಮೂರು ಸಲ ಮಾಡಿ. ಸುಡದ ಜಾಗದಲ್ಲೂ ಅದೇ.

ಪಿಎಚ್‌ಗೆ, ಅಂದರೆ ಹುಳಿ-ಕ್ಷಾರದ ಅಂಕಿಗೆ, ಮಣ್ಣಿನ ಮೇಲಿನ 2 ಸೆಂಟಿಮೀಟರ್ ಮಾತ್ರ ತೆಗೆಯಿರಿ. ಮಣ್ಣು ಪರೀಕ್ಷೆಗೆ ರೂಢಿಯಂತೆ 15 ಸೆಂಟಿಮೀಟರ್ ಅಗೆದು ಕಲಸಿದರೆ ಬೂದಿಯ ಗುರುತು ಅದರಲ್ಲಿ ಕರಗಿಹೋಗುತ್ತದೆ. 10 ಗ್ರಾಂ ಮಣ್ಣಿಗೆ 25 ಮಿಲಿಲೀಟರ್ ನೀರು, ಅರ್ಧ ಗಂಟೆ ಆಗಾಗ ಕಲಕಿ ಅಳೆಯಿರಿ. ಮೂಡಿಗೆರೆ ಅಥವಾ ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಾದರಿ ಕೊಡುವುದಾದರೆ ಎಷ್ಟು ಆಳದ್ದು ಎಂದು ಚೀಟಿಯಲ್ಲಿ ಕಾಣುವಂತೆ ಬರೆಯಿರಿ. ಮಲೆನಾಡಿನ ಮಣ್ಣು ಹುಳಿ, ಬೂದಿ ಕ್ಷಾರ; ಮೊದಲ ವಾರಗಳಲ್ಲಿ ಅಂಕಿ ಏರುವುದು ಸಹಜ, ಮಳೆಗೆ ಇಳಿಯುವುದೂ ಸಹಜ. ಪೊಟ್ಯಾಷ್ ಮೊದಲ ಮಳೆಗೇ ಕರಗಿ ಹರಿಯುತ್ತದೆ, ಸುಣ್ಣ ನಿಧಾನ. ಸಾರಜನಕ ಬೂದಿಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ, ಅದರ ಬಹುಪಾಲು ಹೊಗೆಯ ಜೊತೆ ಹೋಗಿದೆ. ಬೆಂಕಿ ಹಾಕಿದರೆ ಹುಲ್ಲಿಗೆ ಗೊಬ್ಬರ ಎನ್ನುವವರು ಈ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಚಿಗುರು ಎಳೆಯದಾಗಿ ಹಸಿರಾಗಿ ಕಾಣುವುದಕ್ಕೆ ಬೇರಿನಲ್ಲಿ ಕೂಡಿಟ್ಟದ್ದು, ಹಳೇ ಕರಡ ಹೋಗಿ ಬಿದ್ದ ಬಿಸಿಲು ಇವೇ ಹೆಚ್ಚಿನ ಕಾರಣ.

ಲೆಕ್ಕ

1, 2, 3 ಈ ಮೂರರ ಮೊತ್ತವೇ ಆ ದಿನದ ಬೂದಿ ಹರವು, 7/1ರಂಥವೂ ಸೇರಿ. ಮೂರೂ ಮಟ್ಟವನ್ನು ಒಟ್ಟಿಗೆ ಕೂಡಿ ಸರಾಸರಿ ತೆಗೆಯಬೇಡಿ. ಲೆಕ್ಕಕ್ಕೆಂದು ಒಂದು ಉದಾಹರಣೆ: ಮೊದಲ ದಿನ ನೆತ್ತಿ 84, ನಡು 79, ಬುಡ 81, ಮೂವತ್ತನೇ ದಿನ 31, 52, 88. ಒಟ್ಟು ಸರಾಸರಿ 81ರಿಂದ 57ಕ್ಕೆ ಇಳಿದಿದೆ ಎಂದರೆ ಸಾಧಾರಣ ಇಳಿಕೆ ಅನಿಸುತ್ತದೆ. ನೆತ್ತಿ ಮೂರನೇ ಎರಡು ಪಾಲು ಬೋಳಾಗಿದೆ, ಬುಡ ತುಂಬಿಕೊಂಡಿದೆ ಎಂಬುದು ಆ 57ರಲ್ಲಿ ಮುಚ್ಚಿಹೋಗುತ್ತದೆ. ಬರಿಮಣ್ಣಿನ ಅಂಕಿ, ಅಂದರೆ 4, ಅದನ್ನೂ ಬೂದಿಯ ಪಕ್ಕದಲ್ಲೇ ಇಡಿ. ದನ ಬಿಡಬೇಕೇ, ಮಣ್ಣು ಕೊಚ್ಚದಂತೆ ಕೊಂಬೆ ಅಡ್ಡ ಹಾಕಬೇಕೇ ಎಂದು ತೀರ್ಮಾನಿಸುವವರಿಗೆ ಬೇಕಾದ್ದು ಅದೇ. ನೆತ್ತಿಯ ಚೌಕಗಳಲ್ಲಿ ಬರಿಮಣ್ಣು ಅರ್ಧ ದಾಟಿದ್ದರೆ ದೊಡ್ಡ ಮಳೆಗೆ ಮುಂಚೆ ಆ ಕಡೆ ದನ ಹತ್ತಿಸದಿರುವುದು ಒಳ್ಳೆಯದು.

ಮೃಗಶಿರ ಹಿಡಿದು ಒಂದೆರಡು ವಾರ ಎಡೆಬಿಡದೆ ಸುರಿದ ಮೇಲೆ ಕಡ್ಡಿಯ ತುದಿಗೆ ಸಿಗುವುದು ಮಣ್ಣಿನಲ್ಲಿ ಹುದುಗಿದ ಸಾಸಿವೆ ಗಾತ್ರದ ಕರಕಲು ಚೂರುಗಳಷ್ಟೆ. ಎರಡು ಅಳತೆಯಲ್ಲಿ ಒಂದೇ ಅಂಕಿ ಬಂದರೆ ಕೆಲಸ ನಿಲ್ಲಿಸಿ. ಅಷ್ಟರಲ್ಲಿ ಹುಲ್ಲು ಮೊಣಕಾಲಿನ ಹತ್ತಿರ ಬಂದಿರುತ್ತದೆ, ಕೆಂಪು ಕೊಕ್ಕೆಗಳು ಕಾಣುವುದಿಲ್ಲ. ಹೆಜ್ಜೆ ಎಣಿಸಿಕೊಂಡೇ ಹುಡುಕಿ ಕಿತ್ತು ತನ್ನಿ. ಜೀಪು ಹತ್ತುವ ಮುಂಚೆ ಎಣಿಸಿ, 48 ಇರಬೇಕು.